ಭದ್ರಾವತಿಗೆ ಒಂದು ದಿನ: ಕಾರ್ಖಾನೆ ಊರನ್ನು ನೋಡುವ ಬಗೆ

ಬೆಂಗಳೂರಿನಿಂದ ಶಿವಮೊಗ್ಗಕ್ಕೆ ರೈಲಿನಲ್ಲಿ ಬರುವವರಿಗೆ ಭದ್ರಾವತಿ ಅಂದರೆ ಮೇಲಿನ ಬ್ಯಾಗು ಇಳಿಸಿಕೊಳ್ಳುವ ಸ್ಟೇಷನ್, ಅಷ್ಟೇ. ಮುಂದಿನದು ಶಿವಮೊಗ್ಗ. ಅಲ್ಲಿಂದ ಜೋಗ, ಸಕ್ರೆಬೈಲು, ಆಗುಂಬೆ. ಭದ್ರಾವತಿಯಲ್ಲಿ ನೋಡೋಕೆ ಏನಿದೆ ಅಂತ ಕೇಳಿದರೆ ಆ ಊರಿನವರೇ "ಏನಿಲ್ಲ ಬಿಡಿ, ಎರಡು ಫ್ಯಾಕ್ಟರಿ ಇತ್ತು, ಅದೂ ಹೋಯ್ತು" ಅನ್ನುತ್ತಾರೆ. ಅವರ ಮಾತನ್ನು ಪೂರ್ತಿ ನಂಬಬೇಡಿ.

ಇದು ಚೆಂದದ ಊರು ಅಂತ ಹೇಳುತ್ತಿಲ್ಲ. ಆದರೆ ಒಂದು ಕಾರ್ಖಾನೆ ಬಂದು ಹಳ್ಳಿಯಂಥ ಜಾಗವನ್ನು ಊರು ಮಾಡಿದ್ದು, ಆ ಕಾರ್ಖಾನೆ ಕುಂಟತೊಡಗಿದ ಮೇಲೂ ಊರು ಬದುಕುತ್ತಿರುವುದು, ಎರಡನ್ನೂ ಒಂದೇ ದಿನದಲ್ಲಿ ನೋಡಬೇಕು ಅಂದರೆ ಕರ್ನಾಟಕದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಕಡಿಮೆ. ಒಂದು ಉಕ್ಕಿನ ಕಾರ್ಖಾನೆ, ಒಂದು ಕಾಗದದ ಕಾರ್ಖಾನೆ. ಮೊದಲನೆಯದು ಅರ್ಧಂಬರ್ಧ ಉಸಿರಾಡುತ್ತಿದೆ. ಎರಡನೆಯದು ಬಾಗಿಲು ಹಾಕಿದೆ. ಸುತ್ತ ಒಂದೂವರೆ ಲಕ್ಷದಷ್ಟು ಜನ.

ಇಂಥ ಊರನ್ನು ನೋಡೋಕೆ ಒಂದು ದಾರಿ ಹಿಡಿಯಬೇಕು. ಇಲ್ಲದಿದ್ದರೆ ಮುಚ್ಚಿದ ಗೇಟು, ತುಕ್ಕು ಹಿಡಿದ ಶೀಟು ನೋಡಿ ವಾಪಸ್ ಬರುತ್ತೀರಿ. ನನ್ನ ಸಲಹೆ ಇದು: ಕಾರ್ಖಾನೆಗೆ ಏನೇನು ಬಂತೋ ಅದನ್ನು ಹಿಂಬಾಲಿಸಿ. ಮೊದಲು ನೀರು, ಆಮೇಲೆ ಮರ ಮತ್ತು ಅದಿರು, ಆಮೇಲೆ ಜನ. ಆ ಕ್ರಮದಲ್ಲಿ ನಡೆದರೆ ಊರು ತಾನಾಗೇ ಅರ್ಥವಾಗುತ್ತದೆ.

ಹೊರಡುವ ಮುಂಚೆ

ವಾರದ ದಿನ ಹೋಗಿ. ಭಾನುವಾರ ಬೇಡ. ಕಾರ್ಖಾನೆ ಊರಿನ ಗುಣ ಗೊತ್ತಾಗುವುದು ಜನ ಕೆಲಸಕ್ಕೆ ಓಡಾಡುವಾಗ. ಅಕ್ಟೋಬರ್‌ನಿಂದ ಜನವರಿವರೆಗೆ ಒಳ್ಳೆಯ ಕಾಲ. ಹೊಳೆಯಲ್ಲಿ ನೀರಿರುತ್ತದೆ, ಬಿಸಿಲು ಹದವಾಗಿರುತ್ತದೆ. ಭದ್ರಾವತಿ ಅರೆಮಲೆನಾಡು. ತೀರ್ಥಹಳ್ಳಿಯ ತಂಪನ್ನು ಇಲ್ಲಿ ಹುಡುಕಬೇಡಿ. ಮಾರ್ಚ್, ಏಪ್ರಿಲ್‌ನಲ್ಲಿ ಮಧ್ಯಾಹ್ನ ನಡೆಯೋದು ಕಷ್ಟ. ಮಳೆಗಾಲದಲ್ಲಿ ಹೋಗುವವರಿಗೆ ಒಂದು ಲಾಭ ಇದೆ, ಅದನ್ನು ಸೇತುವೆ ಹತ್ತಿರ ಹೇಳುತ್ತೇನೆ.

ಶಿವಮೊಗ್ಗದಿಂದ ದೂರ ಸುಮಾರು 20 ಕಿ.ಮೀ. ಬಸ್ಸಿಗೆ ಕಾಯುವ ಮಾತೇ ಇಲ್ಲ, ಸರ್ಕಾರಿ ಮತ್ತು ಖಾಸಗಿ ಬಸ್ಸು ಒಂದರ ಹಿಂದೊಂದು ಇರುತ್ತವೆ. ಹೆಣ್ಣುಮಕ್ಕಳು ಕೆಎಸ್‌ಆರ್‌ಟಿಸಿ ಸಾಮಾನ್ಯ ಬಸ್ಸಿನಲ್ಲಿ ಶಕ್ತಿ ಯೋಜನೆಯಡಿ ಉಚಿತವಾಗಿ ಹೋಗಬಹುದು. ಕರ್ನಾಟಕದ ವಿಳಾಸ ಇರುವ ಆಧಾರ್ ಕಾರ್ಡು ಕೈಯಲ್ಲಿರಲಿ. ಖಾಸಗಿ ಬಸ್ಸಿನಲ್ಲಿ ಟಿಕೆಟ್ ತೆಗೆದುಕೊಳ್ಳಲೇಬೇಕು. ವಿಮಾನದಲ್ಲಿ ಬರುವವರಿಗೆ ಇನ್ನೂ ಸಲೀಸು: 2023ರಲ್ಲಿ ಶುರುವಾದ ಸೋಗಾನೆ ವಿಮಾನ ನಿಲ್ದಾಣ ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವೆಯೇ ಇದೆ. ಸ್ವಂತ ಕಾರಿದ್ದರೆ ತನ್ನಿ, ಆದರೆ ಊರೊಳಗೆ ಒಂದು ಕಡೆ ನಿಲ್ಲಿಸಿಬಿಡಿ. ಕಾರಿನಲ್ಲಿ ಕೂತು ಈ ಊರು ಕಾಣಿಸುವುದಿಲ್ಲ.

ಕಾರಿನಲ್ಲೋ ಫೋನಿನಲ್ಲೋ ರೇಡಿಯೋ ಇದ್ದರೆ ಎಫ್‌ಎಂ 103.5ಕ್ಕೆ ತಿರುಗಿಸಿ. ಆಕಾಶವಾಣಿ ಭದ್ರಾವತಿ. 1965ರಿಂದ ಇರುವ ಕೇಂದ್ರ. ಶಿವಮೊಗ್ಗ ಜಿಲ್ಲಾ ಕೇಂದ್ರವಾದರೂ ಆಕಾಶವಾಣಿ ಬಂದದ್ದು ಭದ್ರಾವತಿಗೆ. ಆ ಕಾಲಕ್ಕೆ ಈ ಊರಿನ ತೂಕ ಎಷ್ಟಿತ್ತು ಅಂತ ಇದರಿಂದಲೇ ಲೆಕ್ಕ ಹಾಕಬಹುದು, ಅಲ್ವಾ?

ಬೆಳಿಗ್ಗೆ: ಹೊಳೆ ಮತ್ತು ಹಳೇನಗರ

ಏಳೂವರೆ ಎಂಟರ ಹೊತ್ತಿಗೆ ಊರು ಸೇರಿಕೊಳ್ಳಿ. ತಿಂಡಿ ಮೊದಲು. ಬಸ್‌ಸ್ಟ್ಯಾಂಡ್ ಸುತ್ತಮುತ್ತಲ ಸಣ್ಣ ಹೋಟೆಲಿನಲ್ಲಿ ಇಡ್ಲಿ, ವಡೆ, ಪಡ್ಡು, ಚಿತ್ರಾನ್ನ ಸಿಗುತ್ತದೆ. ಬೋರ್ಡು ನೋಡಬೇಡಿ, ಜನ ನಿಂತು ತಿನ್ನುತ್ತಿರುವ ಹೋಟೆಲು ನೋಡಿ ನುಗ್ಗಿ. ಕಾಫಿ ಕುಡಿಯುತ್ತ ಪಕ್ಕದ ಮೇಜಿನ ಮಾತು ಕೇಳಿಸಿಕೊಳ್ಳಿ. ಮಳೆಗಾಲವಾದರೆ ಒಂದು ಪ್ರಶ್ನೆ ಖಂಡಿತ ಕಿವಿಗೆ ಬೀಳುತ್ತದೆ: "ಡ್ಯಾಂ ಎಷ್ಟು ಅಡಿ ಆಯ್ತಂತೆ?" ಇಲ್ಲಿನವರಿಗೆ ಅದು ಹವಾಮಾನ ವರದಿಯೂ ಹೌದು, ಬೆಳೆ ಲೆಕ್ಕವೂ ಹೌದು, ಪ್ರವಾಹದ ಎಚ್ಚರಿಕೆಯೂ ಹೌದು. ಭದ್ರಾ ಡ್ಯಾಮಿನ ಪೂರ್ಣ ಮಟ್ಟ 186 ಅಡಿ. ಆ ಸಂಖ್ಯೆ ಇಲ್ಲಿ ಮಕ್ಕಳಿಗೂ ಬಾಯಿಪಾಠ.

ತಿಂಡಿ ಮುಗಿಸಿ ಸೇತುವೆಗೆ ನಡೆಯಿರಿ. ಭದ್ರಾ ಹೊಳೆ ಊರಿನ ನಡುವೆಯೇ ಹರಿಯುತ್ತದೆ. ಎರಡು ಸೇತುವೆ ಇವೆ, ಹಳೇ ಸೇತುವೆ, ಹೊಸ ಸೇತುವೆ. ಡ್ಯಾಮಿನಿಂದ ಜಾಸ್ತಿ ನೀರು ಬಿಟ್ಟಾಗ ಮುಳುಗುವುದು ಹೊಸ ಸೇತುವೆ. ಹಳೆಯದು ನೀರಿನ ಮೇಲೇ ಇರುತ್ತದೆ, ಗಾಡಿಗಳೆಲ್ಲ ಅದರ ಮೇಲೆ ತಿರುಗುತ್ತವೆ. ಕವಲಗುಂದಿ, ಗುಂಡಪ್ಪ ಶೆಡ್ ಕಡೆಯ ತಗ್ಗಿನ ಮನೆಗಳಿಗೆ ನೀರು ನುಗ್ಗುತ್ತದೆ. ಜುಲೈ, ಆಗಸ್ಟ್‌ನಲ್ಲಿ ಬಂದವರಿಗೆ ಈ ನೋಟ ಸಿಗಬಹುದು. ಮುಳುಗಿದ ಸೇತುವೆ ನೋಡಲು ಊರಿಗೆ ಊರೇ ಕೊಡೆ ಹಿಡಿದು ನಿಂತಿರುತ್ತದೆ. ನೀವೂ ನಿಲ್ಲಿ, ಆದರೆ ಹೊಳೆಗೆ ಮಾತ್ರ ಇಳಿಯಬೇಡಿ. ಬೇರೆ ಕಾಲದಲ್ಲೂ ಅಷ್ಟೇ. ಮೇಲಿನಿಂದ ನೀರು ಬಿಟ್ಟರೆ ಇಲ್ಲಿ ನಿಂತವರಿಗೆ ತಿಳಿಯುವಷ್ಟರಲ್ಲಿ ಹೊಳೆ ಏರಿರುತ್ತದೆ.

ಸೇತುವೆ ಮೇಲೆ ಒಂದು ಹತ್ತು ನಿಮಿಷ ಸುಮ್ನೆ ನಿಂತು ನೋಡಿ. ಒಂದು ಕಡೆ ಹಳೇನಗರ, ಇನ್ನೊಂದು ಕಡೆ ಕಾರ್ಖಾನೆಯಿಂದ ಬೆಳೆದ ಊರು. ಉಕ್ಕು ಮಾಡಲು ನೀರು ಬೇಕು, ಕಾಗದ ಮಾಡಲು ಇನ್ನೂ ಜಾಸ್ತಿ ನೀರು ಬೇಕು. ಎರಡೂ ಕಾರ್ಖಾನೆ ಇಲ್ಲಿಗೆ ಬಂದದ್ದರಲ್ಲಿ ಈ ಹೊಳೆಯ ಪಾಲು ದೊಡ್ಡದು.

ಈಗ ಹಳೇನಗರಕ್ಕೆ ಹೋಗಿ. ಕಾರ್ಖಾನೆ ಬರುವ ಮುಂಚೆ ಇದ್ದ ಊರು ಇದು. ಆಗಿನ ಹೆಸರು ಬೆಂಕಿಪುರ. ಯಾರನ್ನು ಕೇಳಿದರೂ ಲಕ್ಷ್ಮೀನರಸಿಂಹ ಸ್ವಾಮಿ ದೇವಸ್ಥಾನದ ದಾರಿ ತೋರಿಸುತ್ತಾರೆ. ಹದಿಮೂರನೇ ಶತಮಾನದ ಹೊಯ್ಸಳ ಗುಡಿ. ತ್ರಿಕೂಟ, ಅಂದರೆ ಒಂದೇ ನವರಂಗಕ್ಕೆ (ನಡುವಿನ ಮಂಟಪಕ್ಕೆ) ಮೂರು ಗರ್ಭಗುಡಿ. ನರಸಿಂಹನ ಜೊತೆಗೆ ವೇಣುಗೋಪಾಲನೂ ಪುರುಷೋತ್ತಮನೂ ಇದ್ದಾರೆ. ಬೇಲೂರಿನ ಕುಸುರಿಯನ್ನು ನಿರೀಕ್ಷೆ ಮಾಡಬೇಡಿ. ಇದು ಸಣ್ಣದು, ಜನ ದಿನಾ ಬಂದು ಕೈಮುಗಿಯುವ ಗುಡಿ. ಅದಕ್ಕೇ ನನಗೆ ಇಷ್ಟ. ಜಗತಿ, ಅಂದರೆ ಗುಡಿ ನಿಂತಿರುವ ಕಲ್ಲಿನ ಕಟ್ಟೆಯ ಮೇಲೆ ಒಂದು ಸುತ್ತು ಹಾಕಿ. ಗೋಡೆ ನೇರವಾಗಿ ಹೋಗದೆ ಮೂಲೆ ಮೂಲೆಯಾಗಿ ಒಡೆದು ನಕ್ಷತ್ರದ ಹಾಗೆ ತಿರುಗುವುದು ಕಾಲಿಗೇ ಗೊತ್ತಾಗುತ್ತದೆ. ಬೆಳಗಿನ ಬಿಸಿಲು ಆ ಮೂಲೆಗಳ ಮೇಲೆ ಬಿದ್ದಾಗ ಬಳಪದ ಕಲ್ಲು ಒಂದು ಕಡೆ ಬೆಳ್ಳಗೆ, ಪಕ್ಕದ ಮೂಲೆಯಲ್ಲೇ ಕಪ್ಪಗೆ ಕಾಣುತ್ತದೆ. ಹನ್ನೊಂದರ ಮೇಲೆ ಹೋದರೆ ಆ ಆಟ ಮುಗಿದಿರುತ್ತದೆ. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಬೆಳಿಗ್ಗೆಯೇ ನೋಡಿಬಿಡಿ.

ಹತ್ತೂವರೆ: ಕಾರ್ಖಾನೆ ಗೇಟು

ಇಲ್ಲಿಂದ ಆಟೋ ಹಿಡಿಯಿರಿ. "ವಿಐಎಸ್‌ಎಲ್ ಮೇನ್ ಗೇಟ್" ಅಂದರೆ ಸಾಕು. ವಿಶ್ವೇಶ್ವರಯ್ಯ ಐರನ್ ಅಂಡ್ ಸ್ಟೀಲ್ ಲಿಮಿಟೆಡ್, ಉಕ್ಕಿನ ಕಾರ್ಖಾನೆಯ ಹೆಸರು ಅದು. ಹತ್ತುವ ಮುಂಚೆ ಬಾಡಿಗೆ ಮಾತಾಡಿಕೊಳ್ಳಿ.

ಮೊದಲೇ ಹೇಳಿಬಿಡುತ್ತೇನೆ: ಒಳಗೆ ಬಿಡುವುದಿಲ್ಲ. ಮುಂಚಿತವಾಗಿ ಬರೆದು ಅನುಮತಿ ಪಡೆದ ಕಾಲೇಜು ತಂಡಗಳ ಮಾತು ಬೇರೆ. ಗೇಟಿನ ಮುಂದೆ ನಿಂತು ಸೆಕ್ಯುರಿಟಿಯವರ ಜೊತೆ ವಾದ ಮಾಡಬೇಡಿ, ಒಳಗಿನ ಫೋಟೋ ತೆಗೆಯಲು ಹೋಗಬೇಡಿ. ರಸ್ತೆಯಲ್ಲೇ ನಿಂತು ಚಿಮಣಿ, ಶೆಡ್ಡು, ಗೋಡೆಯ ಉದ್ದ ನೋಡಿದರೂ ಬೇಕಾದಷ್ಟು ಆಗುತ್ತದೆ. ಗೋಡೆ ಪಕ್ಕ ಸ್ವಲ್ಪ ದೂರ ನಡೆಯಿರಿ. ಮುಗಿಯುವುದೇ ಇಲ್ಲ.

ನಡೆಯುತ್ತ ಈ ಕಥೆ ತಲೆಯಲ್ಲಿಟ್ಟುಕೊಳ್ಳಿ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ. ಸರ್ ಎಂ. ವಿಶ್ವೇಶ್ವರಯ್ಯ 1912ರಿಂದ 1918ರವರೆಗೆ ದಿವಾನರು. ಮೈಸೂರು ಸೀಮೆಯಲ್ಲೇ ಕಬ್ಬಿಣ ಮಾಡಬೇಕು ಅಂತ ಅವರ ಹಟ. ಅದಿರು ಬಾಬಾಬುಡನ್‌ಗಿರಿ ಸಾಲಿನ ಕೆಮ್ಮಣ್ಣುಗುಂಡಿಯಲ್ಲಿತ್ತು. ಆದರೆ ಕುಲುಮೆ ಉರಿಸಲು ಕಲ್ಲಿದ್ದಲು ಹತ್ತಿರದಲ್ಲಿ ಎಲ್ಲೂ ಇರಲಿಲ್ಲ. ಇದ್ದದ್ದು ಕಾಡು. ಹಾಗಾಗಿ ಮರ ಸುಟ್ಟು ಮಾಡಿದ ಇದ್ದಿಲಿನಿಂದಲೇ ಕಬ್ಬಿಣ ಕರಗಿಸುವ ಕಾರ್ಖಾನೆ ಕಟ್ಟಿದರು. ಕೆಲಸ ಶುರುವಾದದ್ದು 1918ರಲ್ಲಿ, ಕುಲುಮೆ ಹೊತ್ತಿದ್ದು 1923ರಲ್ಲಿ. ದಿವಾನಗಿರಿ ಬಿಟ್ಟ ಮೇಲೆ ವಿಶ್ವೇಶ್ವರಯ್ಯನವರೇ ಬಂದು ನಷ್ಟದಲ್ಲಿದ್ದ ಕಾರ್ಖಾನೆಯ ಆಡಳಿತ ಹಿಡಿದು 1929ರವರೆಗೆ ನಡೆಸಿದರು.

ಅದಿರು ಬೆಟ್ಟದಿಂದ ರೋಪ್‌ವೇ ಮೇಲೆ ತೂಗಾಡುತ್ತ ಇಳಿಯುತ್ತಿತ್ತು. ಸೌದೆ ಕಾಡಿನಿಂದ ಟ್ರಾಮ್ ಗಾಡಿಯಲ್ಲಿ ಬರುತ್ತಿತ್ತು. ಇದ್ದಿಲು ಮಾಡುವಾಗ ಏಳುವ ಹೊಗೆಯನ್ನೂ ಬಿಡದೆ ಹಿಡಿದು, ತಂಪು ಮಾಡಿ, ಮರದ ಸ್ಪಿರಿಟ್ಟು, ಡಾಂಬರು ತೆಗೆಯುತ್ತಿದ್ದರು. ಒಂದು ಕಾಲಕ್ಕೆ ಇಲ್ಲೇ ಸಿಮೆಂಟೂ ಆಗುತ್ತಿತ್ತು. ಜೋಗದ ಕರೆಂಟು ಬಂದ ಮೇಲೆ ಐವತ್ತರ ದಶಕದಲ್ಲಿ ವಿದ್ಯುತ್ ಕುಲುಮೆ ಹಾಕಿದರು. ಇದ್ದಿಲಿನ ಕಾಲಕ್ಕೆ ಎಷ್ಟು ಕಾಡು ಇಲ್ಲಿ ಬೂದಿಯಾಯಿತು ಅನ್ನುವುದನ್ನೂ ಮರೆಯಬೇಡಿ. ನಾವು ಮಲೆನಾಡಿನವರು ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕುವಾಗ ಈ ಲೆಕ್ಕವನ್ನು ಹೇಳುವುದೇ ಇಲ್ಲ.

ಇಳಿತದ ಕಥೆ ಬೇಗ ಹೇಳಬಹುದು. 1989ರಲ್ಲಿ ಕಾರ್ಖಾನೆ ಕೇಂದ್ರದ ಉಕ್ಕು ಪ್ರಾಧಿಕಾರ ಸೇಲ್‌ನ ತೆಕ್ಕೆಗೆ ಹೋಯಿತು, 1998ರಲ್ಲಿ ಅದರೊಳಗೇ ಸೇರಿತು. ಆಮೇಲೆ ಸ್ವಂತ ಗಣಿ ಉಳಿಯಲಿಲ್ಲ. ಅದಿರು ಕೊಂಡು ತಂದು, ದೊಡ್ಡ ಕಾರ್ಖಾನೆಗಳ ಜೊತೆ ಬೆಲೆಯಲ್ಲಿ ಪೈಪೋಟಿ ಮಾಡುವುದು ಆಗಲಿಲ್ಲ. ಮಾರಬೇಕು ಅಂದರು, ಕೊಳ್ಳುವವರು ಬರಲಿಲ್ಲ. 2023ರ ಜನವರಿಯಲ್ಲಿ ಮುಚ್ಚುವ ಮಾತು ಬಂತು. ಗುತ್ತಿಗೆ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ಅದೇ ವರ್ಷ ಆಗಸ್ಟ್‌ನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು, ಹೊರಗಿನಿಂದ ಬಂದ ಉಕ್ಕನ್ನು ಇಲ್ಲಿ ಕಾಯಿಸಿ ಸರಳು ಎಳೆಯುವ ಕೆಲಸ. 2024ರಲ್ಲಿ ಕೇಂದ್ರ ಉಕ್ಕು ಸಚಿವ ಎಚ್.ಡಿ. ಕುಮಾರಸ್ವಾಮಿ ಬಂದು ನೋಡಿ, ಉಳಿಸುವ ಭರವಸೆ ಕೊಟ್ಟು ಹೋದರು. ಭದ್ರಾವತಿಯವರು ಭರವಸೆಗಳನ್ನು ಬಹಳ ಕೇಳಿದ್ದಾರೆ. ಹಾಗಂತ ಪೂರ್ತಿ ಕೈ ಬಿಟ್ಟಿಲ್ಲ.

ಮಧ್ಯಾಹ್ನದವರೆಗೆ: ನ್ಯೂಟೌನ್ ಕ್ವಾರ್ಟರ್ಸ್

ದಿನದ ಮುಖ್ಯ ಭಾಗ ಇದೇ. ಒಂದೂವರೆ ತಾಸಾದರೂ ಇದಕ್ಕೆ ಇಡಿ.

ಗೇಟಿನಿಂದ ನ್ಯೂಟೌನ್ ಕಡೆ ನಡೆಯಿರಿ. ಹುತ್ತಾ ಕಾಲೋನಿ, ಜನ್ನಾಪುರದವರೆಗೂ ಹೋಗಬಹುದು. ಅಗಲ ರಸ್ತೆ, ದೊಡ್ಡ ದೊಡ್ಡ ಮರ, ಸಾಲು ಸಾಲು ಮನೆ. ಇಂಥ ಗ್ರೇಡಿನವರಿಗೆ ಇಂಥ ಮನೆ ಅಂತ ಇತ್ತು. ಆಫೀಸರ್ ಬಂಗಲೆ, ಸಾಮಾನ್ಯ ಕಾರ್ಮಿಕನ ಸಣ್ಣ ಮನೆ, ಎರಡನ್ನೂ ಸ್ವಲ್ಪ ದೂರದಲ್ಲೇ ನೋಡಬಹುದು. ಆಸ್ಪತ್ರೆ, ಶಾಲೆ, ಆಟದ ಮೈದಾನ, ಕ್ಲಬ್ಬು ಎಲ್ಲ ಕಾರ್ಖಾನೆಯದ್ದೇ. ಸೈರನ್ ಕೂಗಿದರೆ ಊರೆಲ್ಲ ಗಡಿಯಾರ ಸರಿ ಮಾಡಿಕೊಳ್ಳುತ್ತಿದ್ದ ಕಾಲ ಅದು.

ಈಗ ಒಂದೊಂದು ಸಾಲನ್ನೂ ಗಮನವಿಟ್ಟು ನೋಡಿ. ಒಂದು ಮನೆಗೆ ಹೊಸ ಬಣ್ಣ, ಮುಂದೆ ಪಾರಿಜಾತ, ತುಳಸಿ ಕಟ್ಟೆ, ಹಿಂದೆ ಕರಿಬೇವು, ಪೇರಲೆ ಗಿಡ. ಪಕ್ಕದ ಮನೆಗೆ ಕಿಟಕಿಯೇ ಇಲ್ಲ, ಹಂಚಿನ ನಡುವೆ ಆಲದ ಸಸಿ. ಅದರ ಪಕ್ಕದ್ದಕ್ಕೆ ಗೇಟಿನ ಬದಲು ಹಳೆ ಶೀಟು, ಒಳಗೆ ಹಸು ಕಟ್ಟಿದ್ದಾರೆ. ನಿವೃತ್ತರಾದವರು ಮನೆಯನ್ನು ಲೀಸಿಗೆ ಪಡೆದು ತಮ್ಮ ಖರ್ಚಿನಲ್ಲೇ ರಿಪೇರಿ ಮಾಡಿಸಿಕೊಂಡು ಇದ್ದಾರೆ. ಯಾರೂ ಇಲ್ಲದ ಮನೆ ಮಳೆಗೆ ಕರಗುತ್ತಿದೆ. ಊರು ಚೇತರಿಸಿಕೊಳ್ಳುತ್ತಿದೆಯಾ ಇಲ್ಲವಾ ಅನ್ನುವ ಪ್ರಶ್ನೆಗೆ ಉತ್ತರ ನನಗೆ ಈ ಸಾಲುಗಳಲ್ಲೇ ಕಾಣುವುದು. ಎಷ್ಟು ಮನೆಗೆ ಬಣ್ಣ ಇದೆ ಅಂತ ನೋಡಿಕೊಂಡು ಹೋಗಿ.

ಫೋಟೋ ವಿಷಯದಲ್ಲಿ ಮಾತ್ರ ಜಾಗ್ರತೆ. ಪಾಳುಬಿದ್ದ ಗೋಡೆ ಕ್ಯಾಮೆರಾದಲ್ಲಿ ಚೆನ್ನಾಗಿ ಬರುತ್ತದೆ, ನಿಜ. ಆದರೆ ಅದರ ಪಕ್ಕದಲ್ಲೇ ಒಬ್ಬರು ಬಟ್ಟೆ ಒಣಹಾಕುತ್ತಿರುತ್ತಾರೆ. ಕೇಳಿ ತೆಗೆಯಿರಿ. ಬೇಡ ಅಂದರೆ ಬಿಟ್ಟುಬಿಡಿ.

ಜನರ ಜೊತೆ ಮಾತಾಡುವ ಬಗೆಯನ್ನೂ ಹೇಳುತ್ತೇನೆ. ಮರದ ಕೆಳಗೆ, ಟೀ ಅಂಗಡಿ ಮುಂದೆ ವಯಸ್ಸಾದವರು ಪೇಪರ್ ಹಿಡಿದು ಕೂತಿರುತ್ತಾರೆ. "ಫ್ಯಾಕ್ಟರಿ ಯಾವಾಗ ಶುರುವಾಗುತ್ತೆ ಸಾರ್?" ಅಂತ ಕೇಳಲೇಬೇಡಿ. ಎಲ್ಲರೂ ಅದನ್ನೇ ಕೇಳಿ ಅವರಿಗೆ ಸಾಕಾಗಿದೆ. "ನೀವು ಯಾವ ಡಿಪಾರ್ಟ್‌ಮೆಂಟ್ ಸಾರ್?" ಅಂತ ಕೇಳಿ. ಮುಖವೇ ಬದಲಾಗುತ್ತದೆ. "ಬ್ಲಾಸ್ಟ್ ಫರ್ನೇಸ್ ಕಣ್ರೀ, ಮೂವತ್ತು ವರ್ಷ" ಅಂತಲೋ, "ಫೌಂಡ್ರಿ" ಅಂತಲೋ ಶುರುವಾದರೆ ಅರ್ಧ ಗಂಟೆ ಹೋದದ್ದು ತಿಳಿಯುವುದಿಲ್ಲ. ನೈಟ್ ಶಿಫ್ಟಿನ ಕಥೆ, ಕರಗಿದ ಕಬ್ಬಿಣ ಹರಿಯುವ ಬೆಳಕು, ಯೂನಿಯನ್ ಚುನಾವಣೆ, ಆಯುಧಪೂಜೆ ದಿನ ಹೆಂಡತಿ ಮಕ್ಕಳನ್ನು ಒಳಗೆ ಕರೆದುಕೊಂಡು ಹೋಗುತ್ತಿದ್ದದ್ದು. ಟೀ ಹೇಳಿ. ದುಡ್ಡು ನೀವು ಕೊಡಲು ಹೋದರೆ ಅವರು ಬಿಡುವುದಿಲ್ಲ, ಅದು ಬೇರೆ ಮಾತು.

ಕಿವಿ ತೆರೆದಿಟ್ಟರೆ ಕನ್ನಡದ ಜೊತೆ ತಮಿಳು, ತೆಲುಗು, ಉರ್ದು, ಮಲಯಾಳ ಕೇಳಿಸುತ್ತದೆ. ಕೆಲಸ ಹುಡುಕಿಕೊಂಡು ಎಲ್ಲೆಲ್ಲಿಂದಲೋ ಬಂದವರ ಮೊಮ್ಮಕ್ಕಳು ಈಗ ಇಲ್ಲಿಯವರೇ. ನಟ ದೊಡ್ಡಣ್ಣ ಸಿನಿಮಾಕ್ಕೆ ಹೋಗುವ ಮುಂಚೆ ಇದೇ ಕಾರ್ಖಾನೆಯಲ್ಲಿ ಕೆಲಸ ಮಾಡಿದವರು. ಕ್ರಿಕೆಟಿನ ಜಿ.ಆರ್. ವಿಶ್ವನಾಥ್ 1949ರಲ್ಲಿ ಹುಟ್ಟಿದ್ದು ಭದ್ರಾವತಿಯಲ್ಲಿ. ಮೊದಲ ಟೆಸ್ಟಿನ ಮೊದಲ ಇನಿಂಗ್ಸ್‌ನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಮೈದಾನದಲ್ಲಿ ಆಡುತ್ತಿರುವ ಹುಡುಗರನ್ನು ಕೇಳಿ ನೋಡಿ, ಸ್ಕ್ವೇರ್ ಕಟ್ ಬಗ್ಗೆ ಪಾಠವೇ ಮಾಡುತ್ತಾರೆ.

ಊಟ ಎಲ್ಲಿ ಬೇಕಾದರೂ ಮಾಡಿ. ಒಂದೇ ಮಾತು: ಹೊಟೇಲ್ ಊಟಕ್ಕಿಂತ ಖಾನಾವಳಿ ರೊಟ್ಟಿ ಊಟ ಮೇಲು. ಮೀನು ತಿನ್ನುವವರು ಡ್ಯಾಮಿನ ಮೀನು ಇದೆಯಾ ಅಂತ ವಿಚಾರಿಸಿ.

ಎರಡು ಗಂಟೆ: ಪೇಪರ್ ಟೌನ್

ಆಟೋ ಅಥವಾ ಟೌನ್ ಬಸ್ಸಿನಲ್ಲಿ ಪೇಪರ್ ಟೌನ್‌ಗೆ ಹೋಗಿ. ಬೋರ್ಡಿನ ಮೇಲೆ ಕಾಗದನಗರ ಅಂತಲೂ ಇರುತ್ತದೆ. ಮೈಸೂರು ಪೇಪರ್ ಮಿಲ್ಸ್ 1936ರಲ್ಲಿ ಹುಟ್ಟಿದ್ದು, ಇದೂ ನಾಲ್ವಡಿಯವರ ಕಾಲದ್ದೇ. 1977ರಲ್ಲಿ ಸರ್ಕಾರಿ ಕಂಪನಿಯಾಯಿತು. 1981ರಿಂದ ನ್ಯೂಸ್‌ಪ್ರಿಂಟ್, ಅಂದರೆ ದಿನಪತ್ರಿಕೆಯ ಕಾಗದ ಮಾಡತೊಡಗಿತು. ಆಮೇಲೆ ಸಕ್ಕರೆ ಕಾರ್ಖಾನೆಯನ್ನೂ ಸೇರಿಸಿಕೊಂಡರು. ಲೆಕ್ಕಾಚಾರ ಜಾಣತನದ್ದೇ: ಭದ್ರಾ ನಾಲೆ ನೀರಿನಲ್ಲಿ ರೈತ ಕಬ್ಬು ಬೆಳೆಯುತ್ತಾನೆ, ಕಬ್ಬು ಅರೆದರೆ ಸಕ್ಕರೆ, ಉಳಿದ ಸಿಪ್ಪೆಯಿಂದ ಕಾಗದ. ಮರದ ತಿರುಳಿಗೆ ಸುತ್ತಲ ಗುಡ್ಡಗಳಲ್ಲಿ ನೀಲಗಿರಿ, ಅಕೇಶಿಯಾ ನೆಟ್ಟರು.

2015ರಲ್ಲಿ ಉತ್ಪಾದನೆ ನಿಂತಿತು. ಹೆಚ್ಚಿನವರು ವಿಆರ್‌ಎಸ್, ಅಂದರೆ ಸ್ವಯಂ ನಿವೃತ್ತಿ ತಗೊಂಡರು. ಇಲ್ಲಿ ನಿಶ್ಶಬ್ದ ಜಾಸ್ತಿ. ಉಕ್ಕಿನ ಕಡೆ ಇನ್ನೂ ಗದ್ದಲ, ಧರಣಿ, ಆಸೆ ಇದೆ. ಈ ಕಡೆ ಹೆಚ್ಚು ಜನ ಊರೇ ಬಿಟ್ಟಿದ್ದಾರೆ. ಮುಕ್ಕಾಲು ಗಂಟೆ ಸಾಕು. ಗೇಟು ನೋಡಿ, ಕ್ವಾರ್ಟರ್ಸ್ ಸಾಲಿನಲ್ಲಿ ಒಂದು ಸುತ್ತು ಹಾಕಿ.

ಆದರೆ ಈ ಕಾರ್ಖಾನೆಯ ಗುರುತು ನಿಜವಾಗಿ ಇರುವುದು ಊರ ಹೊರಗೆ. ಒಂದು, ಹೊಲದಲ್ಲಿ. ಕಬ್ಬು ಕೊಳ್ಳುವವರು ಹೋದ ಮೇಲೆ ಗದ್ದೆಗಳು ಅಡಿಕೆ ತೋಟವಾಗಿವೆ. ರಸ್ತೆ ಬದಿಯ ಎಳೆ ಅಡಿಕೆ ಗಿಡಗಳನ್ನು ನೋಡಿದರೆ ಇದು ತಿಳಿಯುತ್ತದೆ. ಎರಡು, ಗುಡ್ಡದಲ್ಲಿ. ಕಾರ್ಖಾನೆ ನಿಂತರೂ ಅಕೇಶಿಯಾ ನಿಂತಿಲ್ಲ. ಕಾರ್ಖಾನೆಗೆ ಗುತ್ತಿಗೆ ಕೊಟ್ಟಿದ್ದ ನೆಡುತೋಪು ಕಾಡಿಗೆ ವಾಪಸ್ ಬರಲಿ ಅಂತ ಮಲೆನಾಡಿನಲ್ಲಿ ದೊಡ್ಡ ಹೋರಾಟವೇ ನಡೆಯಿತು. ನನಗೂ ಅದೇ ಸರಿ ಅನ್ನಿಸುತ್ತದೆ. ಕೆಲಸ ಕಳೆದುಕೊಂಡವರ ಮುಂದೆ ಮಾತ್ರ ಇದನ್ನು ವಾದಕ್ಕೆ ಎತ್ತಬೇಡಿ. ಕಾರ್ಖಾನೆ ನಡೆಯುವಾಗ ಹೊಳೆಯ ನೀರು ಕೆಡುತ್ತಿತ್ತು ಅಂತ ದೂರುತ್ತಿದ್ದವರೂ ಅದೇ ಊರಿನವರೇ. ಇಬ್ಬರ ಮಾತೂ ಕೇಳಿಸಿಕೊಳ್ಳಿ.

ಮೂರರ ಮೇಲೆ: ಡ್ಯಾಮಿಗೆ ಹೋಗಬೇಕಾ?

ವಾಹನ ಇದ್ದರೆ, ಬೇಕಾದರೆ. ಬಿ.ಆರ್. ಪ್ರಾಜೆಕ್ಟ್ ಅಥವಾ ಬಿ.ಆರ್.ಪಿ. ಅಂತ ಕರೆಯುವ, ಭದ್ರಾ ಡ್ಯಾಂ ಇರುವ ಜಾಗಕ್ಕೆ ಅರ್ಧ ಮುಕ್ಕಾಲು ತಾಸಿನ ದಾರಿ. ದಾರಿಯಲ್ಲಿ ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ ಸಿಗುತ್ತದೆ, 1987ರದ್ದು. ಡ್ಯಾಂ ಪೂರ್ತಿಯಾದದ್ದು ಅರವತ್ತರ ದಶಕದಲ್ಲಿ, 71.5 ಟಿಎಂಸಿ ನೀರು ಹಿಡಿಯುತ್ತದೆ. ಹಿಂದೆ ಭದ್ರಾ ಹುಲಿ ಅಭಯಾರಣ್ಯದ ಗುಡ್ಡಗಳು. ನೋಟ ಚೆನ್ನಾಗಿದೆ. ಮಳೆಗಾಲದಲ್ಲಿ ಡ್ಯಾಮಿನ ಹತ್ತಿರ ಬಿಡುತ್ತಾರಾ ಅಂತ ಮೊದಲೇ ವಿಚಾರಿಸಿಕೊಂಡು ಹೋಗಿ. ಕೆಲವು ಸಲ ಬಂದೋಬಸ್ತು ಬಿಗಿ ಇರುತ್ತದೆ. ಕತ್ತಲಾಗುವ ಮುಂಚೆ ಹೊರಡಿ, ಕಾಡಂಚಿನ ರಸ್ತೆ.

ಬಸ್ಸಿನಲ್ಲಿ ಬಂದವರಿಗೆ ನನ್ನ ಸಲಹೆ: ಡ್ಯಾಂ ಬಿಡಿ. ನೀರಿನ ಡ್ಯಾಂ ನಮ್ಮ ಜಿಲ್ಲೆಯಲ್ಲಿ ಎಲ್ಲಿ ಬೇಕಾದರೂ ಸಿಗುತ್ತದೆ. ಆ ಹೊತ್ತನ್ನು ಪೇಟೆಗೆ ಕೊಡಿ.

ಸಂಜೆ: ಪೇಟೆ ಮತ್ತು ಮಂಡಕ್ಕಿ

ಐದರ ಹೊತ್ತಿಗೆ ರಂಗಪ್ಪ ವೃತ್ತದ ಕಡೆ ಬನ್ನಿ. ಬಿ.ಎಚ್. ರಸ್ತೆ, ಅಂದರೆ ಬೆಂಗಳೂರು-ಹೊನ್ನಾವರ ರಸ್ತೆ, ಊರನ್ನು ಸೀಳಿಕೊಂಡು ಹೋಗುತ್ತದೆ. ಬಟ್ಟೆ ಅಂಗಡಿ, ಚಿನ್ನದ ಅಂಗಡಿ, ಮೊಬೈಲು, ಗೊಬ್ಬರ. ಅಂಗಡಿಯವರ ಜೊತೆ ಮಾತಾಡಿದರೆ ಊರಿನ ಹೊಸ ಲೆಕ್ಕ ತಿಳಿಯುತ್ತದೆ. ಮೊದಲು ಸಂಬಳದ ದಿನ ವ್ಯಾಪಾರ ಜೋರು. ಈಗ ಅಡಿಕೆ ರೇಟು ಏರಿದರೆ ಜೋರು. ಪಿಂಚಣಿ, ಬೆಂಗಳೂರಿನಿಂದ ಮಕ್ಕಳು ಕಳಿಸುವ ದುಡ್ಡು, ಸುತ್ತಲ ಹಳ್ಳಿಗಳ ತೋಟ, ಇವು ಊರನ್ನು ಹಿಡಿದಿವೆ. ಬುಳ್ಳಾಪುರದಲ್ಲಿ ಕ್ಷಿಪ್ರ ಕಾರ್ಯಾಚರಣೆ ಪಡೆಯ ಘಟಕಕ್ಕೆ 2021ರಲ್ಲಿ ಶಂಕುಸ್ಥಾಪನೆ ಆಯಿತು. ಅದರಿಂದ ಒಂದಷ್ಟು ಓಡಾಟ. ಕಾರ್ಖಾನೆ ಕೊಡುತ್ತಿದ್ದ ಕೆಲಸಕ್ಕೆ ಇದು ಯಾವುದೂ ಸಾಟಿಯಲ್ಲ ಅಂತ ಎಲ್ಲರೂ ಹೇಳುತ್ತಾರೆ. ಆದರೂ ಅಂಗಡಿಗಳಲ್ಲಿ ದೀಪ ಇದೆ, ಗಿರಾಕಿಯೂ ಇದ್ದಾರೆ.

ಈಗ ತಳ್ಳುಗಾಡಿ ಹುಡುಕಿ. ಖಾರ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನದೆ ವಾಪಸ್ ಹೋಗಬೇಡಿ. ಮಾಡುವುದನ್ನು ನೋಡೋದೇ ಒಂದು ಸೊಗಸು. ದೊಡ್ಡ ಪಾತ್ರೆಗೆ ಮಂಡಕ್ಕಿ ಸುರಿದು, ಕೊಬ್ಬರಿ ಎಣ್ಣೆ ಹನಿಸಿ, ಖಾರದ ಪುಡಿ, ಉಪ್ಪು, ಹುರಿಗಡಲೆ ಪುಡಿ ಉದುರಿಸಿ, ಮೇಲೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಟೊಮೆಟೊ, ಕೊತ್ತಂಬರಿ ಸೊಪ್ಪು ಹಾಕಿ ನಿಂಬೆಹಣ್ಣು ಹಿಂಡುತ್ತಾರೆ. ನಾಲ್ಕು ಸಲ ಮೇಲೆ ಕೆಳಗೆ ಮಾಡಿ ಪೇಪರ್ ಪೊಟ್ಟಣಕ್ಕೆ ತುಂಬುತ್ತಾರೆ. ತಕ್ಷಣ ತಿನ್ನಿ. ಐದು ನಿಮಿಷ ಬಿಟ್ಟರೆ ಮೆತ್ತಗಾಗಿ ಕೆಲಸಕ್ಕೆ ಬರುವುದಿಲ್ಲ. ಬಜ್ಜಿಯನ್ನು ಬಾಣಲೆಯಿಂದ ಇಳಿದದ್ದೇ ಕೇಳಿ. ಗಾಡಿ ಮೇಲೆ ಜೋಡಿಸಿಟ್ಟದ್ದು ಬೇಡ.

ಹಣ ಈ ಊರಲ್ಲೇ ಖರ್ಚು ಮಾಡಿ. ತಿಂಡಿ, ಆಟೋ, ಟೀ, ತೆಗೆದುಕೊಂಡು ಹೋಗಲು ಅರ್ಧ ಕಿಲೋ ಖಾರ. ಶಿವಮೊಗ್ಗದಲ್ಲೇ ಎಲ್ಲ ಮುಗಿಸಿಕೊಂಡು ಇಲ್ಲಿಗೆ ಬರೀ ನೋಡಲು ಬರುವವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೇ.

ವಾಪಸ್ಸು

ಶಿವಮೊಗ್ಗಕ್ಕೆ ರಾತ್ರಿ ಊಟದ ಹೊತ್ತಿನವರೆಗೂ ಬಸ್ಸಿಗೆ ತೊಂದರೆ ಇಲ್ಲ. ಬೆಂಗಳೂರಿಗೆ ಹೋಗುವವರು ಶಿವಮೊಗ್ಗಕ್ಕೆ ಹಿಂತಿರುಗುವ ಅಗತ್ಯ ಇಲ್ಲ. ರಾತ್ರಿ ರೈಲು ಭದ್ರಾವತಿಯಲ್ಲೂ ನಿಲ್ಲುತ್ತದೆ, ಇಲ್ಲಿಂದಲೇ ಟಿಕೆಟ್ ಮಾಡಿಸಿ. ಸಮಯ ಆಗಾಗ ಬದಲಾಗುತ್ತದೆ, ಹೊರಡುವ ದಿನ ಆಪ್‌ನಲ್ಲಿ ನೋಡಿಕೊಳ್ಳಿ. ನಿಲ್ಲುವ ಹೊತ್ತು ಕಡಿಮೆ. ವಯಸ್ಸಾದವರು ಜೊತೆಗಿದ್ದರೆ ನಿಮ್ಮ ಬೋಗಿ ಎಲ್ಲಿ ಬರುತ್ತದೆ ಅಂತ ಮೊದಲೇ ಕೇಳಿ ಅಲ್ಲೇ ನಿಂತಿರಿ.

ಇನ್ನೊಂದು ದಿನ ಕೈಯಲ್ಲಿದ್ದರೆ ಎರಡು ದಾರಿ ಇವೆ. ಹೊಳೆಯ ಜೊತೆ ಕೆಳಗೆ ಹೋದರೆ ಹೊಳೆಹೊನ್ನೂರು ದಾಟಿ ಕೂಡ್ಲಿ. ಅಲ್ಲಿ ತುಂಗೆ, ಭದ್ರೆ ಸೇರುತ್ತವೆ, ಹೊಯ್ಸಳರ ಕಾಲದ ರಾಮೇಶ್ವರ ಗುಡಿ ಇದೆ, ಬೆಳಿಗ್ಗೆ ಹೋದರೆ ಜನ ಕಡಿಮೆ. ಅದಿರಿನ ಜಾಡು ಹಿಡಿದು ಮೇಲೆ ಹೋದರೆ ತರೀಕೆರೆ ದಾಟಿ ಕೆಮ್ಮಣ್ಣುಗುಂಡಿ. ಕಾರ್ಖಾನೆಯ ಕಥೆ ಪೂರ್ತಿ ಮಾಡಬೇಕು ಅನ್ನುವವರು ಎರಡನೆಯದನ್ನೇ ಆರಿಸಿ. ಘಟ್ಟದ ತಿರುವು ಜಾಸ್ತಿ, ವಾಂತಿಯಾಗುವವರು ಹೊಟ್ಟೆ ತುಂಬಾ ತಿಂದು ಹತ್ತಬೇಡಿ. ವಾರಾಂತ್ಯ ತಪ್ಪಿಸಿ. ಉಳಿಯುವುದಾದರೆ ತೋಟಗಾರಿಕೆ ಇಲಾಖೆಯ ಕೊಠಡಿಗೆ ಮುಂಚಿತವಾಗಿ ಕಾಯ್ದಿರಿಸಿ.